ರೋಗಕ್ಕೆ ಬಲಿಯಾದವರ ಲೆಕ್ಕವೂ ಊರಲ್ಲಿರಲಿ

ಮಾನ್ಯರೇ,

ಕಾಳಗದಲ್ಲಿ ಸತ್ತವರಿಗೆ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಸಾಂಕ್ರಾಮಿಕ ರೋಗದಲ್ಲಿ ಸತ್ತವರನ್ನು ಮಾತ್ರ ನಾವು ಮರೆತುಬಿಟ್ಟಿದ್ದೇವೆ. ಹಾನಗಲ್ ಕಡೆ ಹೋದರೆ ವೀರಗಲ್ಲುಗಳು ಸಿಗುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ದನ ಬಿಡಿಸಲು ಹೋಗಿ ಸತ್ತ ಒಬ್ಬನೇ ಒಬ್ಬನಿಗೂ ಕಲ್ಲುಂಟು. ಅದು ಸರಿಯೇ.

ಆದರೆ ಲೆಕ್ಕ ನೋಡಿ. ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 74,000. ಆಗ ದೇಶದ ಜನಸಂಖ್ಯೆ 31 ಕೋಟಿ ದಾಟಿತ್ತು. ಅಂದರೆ ಹತ್ತು ಸಾವಿರಕ್ಕೆ ಇಬ್ಬರೋ ಮೂವರೋ. 1918ರ ಇನ್‌ಫ್ಲುಯೆಂಜಾಕ್ಕೆ ಕಡಿಮೆ ಅಂದರೂ 1.2 ಕೋಟಿ ಜನ ಹೋದರು. ನೂರಕ್ಕೆ ಸುಮಾರು ನಾಲ್ವರು! ದುಡಿಯುವ ವಯಸ್ಸಿನವರೇ ಜಾಸ್ತಿ, ಅದರಲ್ಲೂ ಹೆಂಗಸರು. ಮಲಗಿದವರ ಆರೈಕೆ ಮಾಡುತ್ತಿದ್ದವರು ಅವರೇ ಅಲ್ವಾ? ಹೆಚ್ಚು ಪೆಟ್ಟು ತಿಂದ ಕಡೆಗಳಲ್ಲಿ ಮುಂಬೈ ಪ್ರಾಂತ್ಯವೂ ಒಂದು. ಹಾವೇರಿ, ಗದಗ ಒಳಗೊಂಡ ಅಂದಿನ ಧಾರವಾಡ ಜಿಲ್ಲೆ ಅದರಲ್ಲೇ ಇತ್ತು. ನಮ್ಮ ಜನಗಣತಿಯಲ್ಲಿ ಜನಸಂಖ್ಯೆ ಇಳಿದದ್ದು 1911–21ರ ದಶಕದಲ್ಲಿ ಮಾತ್ರ.

ಹುಬ್ಬಳ್ಳಿಗೆ ಇದಕ್ಕೂ ಮೊದಲೇ, 1898ರಲ್ಲಿ, ಪ್ಲೇಗ್ ಬಡಿದಿತ್ತು. ಇಷ್ಟೆಲ್ಲ ಆಗಿಹೋದ ಊರಲ್ಲಿ ಇಂದಿನ ಮಕ್ಕಳಿಗೆ ಅದರ ಸುಳಿವೇ ಇಲ್ಲ ಅನ್ನುವುದು ಬೇಸರದ ಸಂಗತಿ.

ನಗರಸಭೆ, ತಾಲ್ಲೂಕು ಕಚೇರಿಗಳಲ್ಲಿ ಆ ಕಾಲದ ಮರಣ ದಾಖಲೆಗಳು ಉಳಿದಿದ್ದರೆ, ಗೆದ್ದಲು ಹಿಡಿಯುವ ಮೊದಲು ಸ್ಕ್ಯಾನ್ ಮಾಡಿಸಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿಗಳಿಂದ ಊರುವಾರು ಲೆಕ್ಕ ತೆಗೆಸಲಿ. ಸತ್ತವರು ಎಷ್ಟು, ಊರಿನಲ್ಲಿ ನೂರಕ್ಕೆ ಎಷ್ಟು ಮಂದಿ ಎಂದು ಬರೆದ ಫಲಕವನ್ನು ಪ್ರತಿ ಪಂಚಾಯಿತಿಯ ಮುಂದೆ ಹಾಕಲು ಜಿಲ್ಲಾಡಳಿತಗಳು ಮುಂದಾಗಲಿ.

– ಓದುಗ, ಹಾವೇರಿ