ಎನ್‌ಎಸ್‌ಎಸ್ ಗಂಟೆಗಳು ಪಿಂಚಣಿ ನಿಂತ ಮನೆಗಳಿಗೂ ಸಲ್ಲಲಿ

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ಸೇವಾ ಯೋಜನೆಗೆ (ಎನ್‌ಎಸ್‌ಎಸ್) ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಜೊತೆಗೆ ಏಳು ದಿನದ ವಿಶೇಷ ಶಿಬಿರ. ಶಿಬಿರವೆಂದರೆ ದೇವಸ್ಥಾನದ ಆವರಣ ಗುಡಿಸುವುದು, ಗಿಡ ನೆಡುವುದು, ಜಾಥಾ ಹೊರಡುವುದು. ಇವೂ ಬೇಕು. ಆದರೆ ಆ ಗಂಟೆಗಳಲ್ಲಿ ಅರ್ಧವಾದರೂ ವೃದ್ಧಾಪ್ಯ ವೇತನ, ವಿಧವಾ ವೇತನ ನಿಂತುಹೋದ ಮನೆಗಳಿಗೆ ಸಲ್ಲಲಿ ಎಂಬುದು ಶಿಡ್ಲಘಟ್ಟದ ಸುತ್ತ ಈ ಕೆಲಸದಲ್ಲಿ ತೊಡಗಿರುವ ನಮ್ಮ ಕೋರಿಕೆ.

'ಪಿಂಚಣಿ ಬರ್ತಿಲ್ಲ' ಎಂದು ಅಜ್ಜಿ ಹೇಳಿದ ಕೂಡಲೇ ಹೊಸ ಅರ್ಜಿ ಬರೆಯಲು ಕೂರುವವರೇ ಹೆಚ್ಚು. ಎಷ್ಟೋ ಸಲ ಹಣ ನಿಂತಿರುವುದಿಲ್ಲ, ಬೇರೆ ಖಾತೆಗೆ ಬೀಳುತ್ತಿರುತ್ತದೆ. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಸಂಘದ ಸಾಲಕ್ಕೆಂದೋ ಗೃಹಲಕ್ಷ್ಮಿಗೆಂದೋ ಇನ್ನೊಂದು ಖಾತೆ ತೆರೆದಾಗ ಜೋಡಣೆಯೂ ಅಲ್ಲಿಗೆ ಸರಿದಿರಬಹುದು. ಅಜ್ಜಿ ಮಾತ್ರ ಹಳೆಯ ಪಾಸ್‌ಬುಕ್ಕಿಗೇ ಎಂಟ್ರಿ ಹಾಕಿಸುತ್ತಿರುತ್ತಾರೆ. ಕೊನೆಯ ಸಲ ಹಣ ತೆಗೆದದ್ದು ಯಾವಾಗ, ಯಾವ ಬ್ಯಾಂಕಿನಲ್ಲಿ, ಆಮೇಲೆ ಎಲ್ಲಾದರೂ ಹೆಬ್ಬೆಟ್ಟು ಒತ್ತಿದ್ದುಂಟೇ ಎಂದು ಸಮಾಧಾನವಾಗಿ ಕೇಳಬೇಕು; ಬೇಕಾದರೆ ತೆಲುಗಿನಲ್ಲಿ. ಹೀಗೆ ಕೇಳುವುದನ್ನು, ಉತ್ತರಕ್ಕೆ ಕಾಯುವುದನ್ನು ತರಗತಿಯಲ್ಲಿ ಕಲಿಯಲಾಗದು. ಆಮೇಲೆ ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆ ನೋಡಿ. ಅದಕ್ಕೆ ಒಟಿಪಿ ಬೇಕು. ಆಧಾರ್‌ನಲ್ಲಿರುವುದು ಯಾವತ್ತೋ ಬಿಟ್ಟ ಸಿಮ್ಮಿನ ನಂಬರಾದರೆ ಅದನ್ನು ಬದಲಿಸುವುದೇ ಮೊದಲ ಕೆಲಸ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್‌ಗಳು ಇದನ್ನು ಮನೆಯಲ್ಲೇ ಮಾಡಿಕೊಡುವ ವ್ಯವಸ್ಥೆಯಿದೆ.

ದಾಖಲೆಗಳದ್ದು ಇನ್ನೊಂದು ತೊಡಕು. ಆಧಾರ್‌ನಲ್ಲಿ ಮುನಿಯಮ್ಮ, ಪಡಿತರ ಚೀಟಿಯಲ್ಲಿ ಮುನಿವೆಂಕಟಮ್ಮ, ಪಾಸ್‌ಬುಕ್ಕಿನಲ್ಲಿ ಮುನಿಯಮ್ಮ ಕೋಂ ಲೇಟ್ ನಾರಾಯಣಪ್ಪ. ಹುಟ್ಟಿದ ದಿನ ಜನವರಿ 1, ಇಸವಿ ಅಂದಾಜಿನದು. ವೃದ್ಧರ ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾಕ್ಕೆ 65 ತುಂಬಿರಬೇಕು. ಆಧಾರ್‌ನಲ್ಲಿ ನಾಲ್ಕು ವರ್ಷ ಕಡಿಮೆ ಬರೆಸಿದ್ದರೆ ಅರ್ಜಿ ಅಲ್ಲೇ ಬಿತ್ತು. ಇಲ್ಲಿ ಅವಸರ ಸಲ್ಲದು. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ತಿದ್ದಲು ಸಾಮಾನ್ಯವಾಗಿ ಅವಕಾಶ. ಕೈಗೆ ಸಿಕ್ಕ ಕಾಗದ ಕೊಟ್ಟು ಅದನ್ನು ಮುಗಿಸಿಬಿಟ್ಟರೆ ಆಮೇಲೆ ಅಲೆಯಬೇಕಾದವರು ಅಜ್ಜಿಯೇ.

ರೇಷ್ಮೆ ನೂಲು ಬಿಚ್ಚುವವರ ಕಷ್ಟವೇ ಬೇರೆ. ಗೂಡು ಬೇಯಿಸಿದ ಬಿಸಿನೀರಿನಲ್ಲಿ ದಿನವಿಡೀ ಕೈಯಾಡಿಸಿ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿ, ಸಿಪ್ಪೆ ಎದ್ದು, ಗೆರೆಗಳು ಸವೆದಿರುತ್ತವೆ. ಇವರನ್ನು ಕೆಲಸ ಮುಗಿದ ಸಂಜೆ ಆಧಾರ್ ಕೇಂದ್ರಕ್ಕೆ ಕರೆದೊಯ್ಯಬೇಡಿ. ಕೆಲಸವಿಲ್ಲದ ದಿನ ಹೋಗಿ, ಕೈ ತೊಳೆದು ಒರೆಸಿ, ಹತ್ತೂ ಬೆರಳನ್ನು ಇಡಿಸಿ. ಹೆಬ್ಬೆಟ್ಟೊಂದನ್ನೇ ಮೂರು ಸಲ ಒತ್ತಿಸಿ 'ಆಗಲ್ಲ, ಹೋಗಿ' ಎಂದರೆ ಎದ್ದು ಬರಬೇಡಿ. ಕಣ್ಣಿನ ಪಾಪೆಯಿಂದ, ಮುಖದಿಂದ ಗುರುತು ಖಚಿತಪಡಿಸುವ ಅವಕಾಶವೂ ಆಧಾರ್‌ನಲ್ಲಿದೆ, ಅದನ್ನು ಕೇಳಿ.

ಮೂಲ ದಾಖಲೆಗಳನ್ನು ವಿದ್ಯಾರ್ಥಿಗಳು ಜೊತೆಗೆ ಒಯ್ಯಕೂಡದು. ಬಂದ ಒಟಿಪಿ ಯಾವುದಕ್ಕೆ ಎಂದು ಮನೆಯವರ ಎದುರೇ ಓದಿ ಹೇಳಬೇಕು. ಬೆರಳೊತ್ತಿ ಹಣ ತೆಗೆದರೆ ರಸೀದಿ ಪಡೆದು, ಉಳಿದ ಮೊತ್ತ ಎಷ್ಟೆಂದು ತಿಳಿಸಬೇಕು.

ಹೆಚ್ಚಾಗಿ ಕೆಲಸ ಕೆಡುವುದು ಶಿಬಿರ ಮುಗಿದ ಮೇಲೆ. ನಾಡಕಚೇರಿಗೆ ಕೊಟ್ಟ ಅರ್ಜಿ ಏಳು ದಿನದಲ್ಲಿ ಇತ್ಯರ್ಥವಾಗುವುದಿಲ್ಲ. ಸ್ವೀಕೃತಿ ಚೀಟಿ ವಿದ್ಯಾರ್ಥಿಯ ಜೇಬಿನಲ್ಲೇ ಉಳಿದರೆ ವಿಚಾರಿಸುವವರೇ ಇರುವುದಿಲ್ಲ. ಚೀಟಿ ಅಜ್ಜಿಯ ಮನೆಯಲ್ಲಿರಲಿ. ಅದರ ಸಂಖ್ಯೆ, ಅರ್ಜಿ ಕೊಟ್ಟ ದಿನ, ಮತ್ತೆ ಹೋಗಬೇಕಾದ ದಿನ ಕಾಲೇಜಿನ ಒಂದು ರಿಜಿಸ್ಟರಿನಲ್ಲಿರಲಿ. ಮೊದಲ ವರ್ಷದವರು ಅದನ್ನು ಹಿಡಿದು ಮುಂದುವರಿಸುವಂತೆ ಜಿಲ್ಲೆಯ ಕಾಲೇಜುಗಳ ಎನ್‌ಎಸ್‌ಎಸ್ ಅಧಿಕಾರಿಗಳು ಈ ವರ್ಷದಿಂದಲೇ ಏರ್ಪಾಡು ಮಾಡಬೇಕು.

– ಕೆಲವು ಸ್ವಯಂಸೇವಕರು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ