ಹವಳದ ಪುಸ್ತಕ ಬರೆಯುವ ಮೊಮ್ಮಗಳಿಗೆ

ಕಲಬುರಗಿ

ಚಿ. ಸುನಂದಾಗ ಮುತ್ಯಾನ ಆಶೀರ್ವಾದ.

ಮಕ್ಕಳ ಪುಸ್ತಕಕ್ಕಂತ ನೀ ಕಳಿಸಿದ ಹಾಳಿ ಎಲ್ಲಾ ನೋಡಿದೆ. ಬಣ್ಣ ಛಲೋ ಬಂದಾವ. ಆದ್ರ ನಮ್ಮ ಕಡಿ ಹುಡುಗ್ರು ಭಾಳ ಮಂದಿ ಸಮುದ್ರ ಕಂಡವರಲ್ಲ, ನೀ ತಗದದ್ದೇ ಅವರಿಗೆ ಸಮುದ್ರ. ಅದಕ್ಕ ಬರವಣಿಗಿಗಿಂತ ಚಿತ್ರಾನೇ ಖರೇ ಇರಬೇಕು.

ನಿನ್ನ ಹವಳದ ದಿಬ್ಬದಾಗ ಮೀನು ಮೆರಿಯಾಕತ್ತಾವ, ಹವಳ ಬರೇ ಗಿಡದಂಗ ಹಿಂದ ನಿಂತದ. ಅದು ಪ್ರಾಣಿ ಅವ್ವಾ! ಒಂದು ಹಾಳಿ ತುಂಬ ಒಂದೇ ಪಾಲಿಪ್, ಅಂದ್ರ ಹವಳದ ಒಂದು ಬಿಡಿ ಜೀವ, ತಗಿ. ದಿಬ್ಬ ಕಟ್ಟೋ ಹವಳದಾಗ ಅದು ಹೆಚ್ಚಾಗಿ ಕೆಲವೇ ಮಿಲಿಮೀಟರ್ ಇರ್ತದ, ಬಾಯಿ ಸುತ್ತ ಎಳೆಯಂಥ ಕೈ. ರಾತ್ರಿ ಆ ಕೈ ಚಾಚಿ ನೀರಾಗಿನ ಸಣ್ಣ ಜೀವ ಹಿಡೀತದ, ಅದಕ್ಕ ಒಂದು ರಾತ್ರಿ ಚಿತ್ರಾನೂ ಬೇಕು. ಇನ್ನ ಹಗಲು ಊಟ ಅದರ ಮೈಯೊಳಗಿನ ಪಾಚಿಯದು. ಹೊಲ ಪಾಲಿಗೆ ಹಾಕಿದಂಗ ನೋಡು: ಜಾಗ ಹವಳದ್ದು, ದುಡಿಮಿ ಪಾಚಿದು, ಬಿಸಿಲಿನಾಗ ಮಾಡಿದ್ದರಾಗ ದೊಡ್ಡ ಪಾಲು ಹವಳಕ್ಕ. ಬಿಸಿಲು ಮುಟ್ಟಬೇಕಂತಲೇ ದಿಬ್ಬ ತಿಳಿನೀರಾಗ, ಭಾಳ ಆಳ ಇಲ್ಲದಲ್ಲಿ ಬೆಳೀತಾವ.

ಬೆಳ್ಳಗಾದ ಹವಳದ ಕೆಳಗ ‘ಸತ್ತ ಹವಳ’ ಅಂತ ಬರದೀದಿ, ಅದು ತಗದು ಹಾಕು. ನೀರು ಬ್ಯಾಸಗಿ ವಾಡಿಕಿಗಿಂತ ಒಂದು ಡಿಗ್ರಿ ಹೆಚ್ಚು ಕಾದು ವಾರಗಟ್ಲೆ ಹಂಗೇ ಇತ್ತಂದ್ರ ಪಾಚಿ ಹೊರಬೀಳ್ತದ, ಒಳಗಿನ ಸುಣ್ಣದ ಎಲುಬು ಕಾಣ್ತದ. ಆಗ ಹವಳ ಉಪವಾಸ ಬಿದ್ದದ, ಸತ್ತಿಲ್ಲ. ನೀರು ಲಗೂನ ತಣ್ಣಗಾದ್ರ ಪಾಚಿ ಮತ್ತ ಸೇರ್ತದ, ಇಲ್ಲಂದ್ರ ಹವಳ ಸಾಯ್ತದ. ಲಕ್ಷದ್ವೀಪದಾಗ 1998, 2010, 2016ರಾಗ ಹಿಂಗ ಬೆಳ್ಳಗಾಗಿತ್ತು. ನಮ್ಮ ಮೇ ತಿಂಗಳ ಬಿಸಿಲು ಉಂಡ ಹುಡುಗ್ರು ‘ಒಂದೇ ಡಿಗ್ರಿನಾ’ ಅಂತ ನಗತಾರ. ನಗಲಿ, ಆದ್ರ ಹವಳಕ್ಕ ಎದ್ದು ನೆರಳಿಗಿ ಹೋಗಾಕ ಕಾಲಿಲ್ಲ ಅಂತ ಅಲ್ಲೇ ಬರಿ.

ಎಲ್ಲಾದಕ್ಕೂ ಕೆಂಪು ಹಚ್ಚಬ್ಯಾಡ. ನಿಮ್ಮಮ್ಮನ ಸರದಾಗಿನ ಕೆಂಪು ಹವಳ ಬ್ಯಾರೆ ಜಾತಿ, ಅದು ದಿಬ್ಬ ಕಟ್ಟೂದಿಲ್ಲ. ದಿಬ್ಬಕ್ಕ ಕಂದು, ಹಸಿರೇ ಹೆಚ್ಚಿರಲಿ.

ನಮ್ಮ ಮನಿ ನೆಲಕ್ಕ ಹಾಸೂ ಶಹಾಬಾದ ಪರಸಿ ಕಲ್ಲು ಹವಳದಿಂದ ಆಗ್ಯದ ಅಂತ ನೀ ಬರದದ್ದೂ ಸುಳ್ಳು. ಹಳೇ ಸಮುದ್ರದ ತಳದಾಗ ಕೂತ ಸುಣ್ಣದಕಲ್ಲು ಖರೇ, ಆದ್ರ ಹವಳ ಹುಟ್ಟೂಕಿಂತ ಮುಂಚಿಂದು. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್ ಅಂತಷ್ಟೇ ಬರಿ. ಮನಿ ನೆಲ ಮುಟ್ಟಿ ನೋಡ್ತಾವ ಹುಡುಗ್ರು.

ನಕಾಶಾದಾಗ ಮುರ್ಡೇಶ್ವರದ ಹಂತೇಕಿನ ನೇತ್ರಾಣಿ ದ್ವೀಪ ಬಿಟ್ಟೀದಿ, ಅಲ್ಲೂ ಹವಳ ಅದ. ತಿದ್ದಿದ ಹಾಳಿ ಕಳಸು, ಪಾಲಿಪ್ ಬಾಜೂಕ ಅಳತಿ ಗೆರಿ ಎಳಿ.

ನಿನ್ನ ಮುತ್ಯಾ