ಬಾಯಲ್ಲಿ ಬ್ಯಾಕ್ಟೀರಿಯಾ ಇಲ್ಲದವರನ್ನು ಮೊದಲು ತೋರಿಸಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ದಂತ ತಪಾಸಣಾ ಶಿಬಿರದ ವರದಿ ಓದಿ ಮೈಯೆಲ್ಲ ಉರಿಯಿತು. ‘ಆರೋಗ್ಯವಂತರ ಬಾಯಲ್ಲೂ ಬ್ಯಾಕ್ಟೀರಿಯಾ ಪತ್ತೆ’ ಅಂತ ತಲೆಬರಹ ಬೇರೆ. ಆ ಆರೋಗ್ಯವಂತರಲ್ಲಿ ನಾನೂ ಒಬ್ಬ. ಪತ್ತೆಯಾಗದೆ ಇನ್ನೇನು ಸ್ವಾಮಿ?

ಬೆಳಗ್ಗೆ ಸಾಲಿನಲ್ಲಿ ನಿಂತವನಿಗೆ ಬಾಯಿ ತೆರೆಯುವ ಭಾಗ್ಯ ಸಿಕ್ಕಿದ್ದು ಮಧ್ಯಾಹ್ನ. ಹಲ್ಲಿನ ಸಂದಿಯಿಂದ ಚೂರು ಬಿಳಿ ಪಾಚಿ ಕೆರೆದು, ಗಾಜಿನ ಮೇಲೆ ಸವರಿ, ಮೈಕ್ರೋಸ್ಕೋಪಿನ ಕೆಳಗಿಟ್ಟು, ಎಲ್ಲರೆದುರು ಟಿವಿ ಪರದೆಯಲ್ಲಿ ತೋರಿಸಿದರು. ಕಡ್ಡಿಯಂಥವು, ಗುಂಡಗಿನವು, ಸುರುಳಿ ಸುತ್ತಿಕೊಂಡು ಈಜುವಂಥವು. ನನ್ನ ಹಿಂದಿದ್ದವರು ಮೂಗು ಮುಚ್ಚಿಕೊಂಡು ದೂರ ಸರಿದರು. ಒಸಡಿನಲ್ಲಿ ರಕ್ತ ಬರುತ್ತದಾ, ಹಲ್ಲು ಅಲುಗಾಡುತ್ತದಾ, ಒಂದೂ ಕೇಳಲಿಲ್ಲ. ಚೀಟಿಯಲ್ಲಿ ಕೆಂಪು ಇಂಕಿನಲ್ಲಿ ‘ಬ್ಯಾಕ್ಟೀರಿಯಾ ಇದೆ’ ಎಂದು ಗೀಚಿ, ಪಕ್ಕದ ಮೇಜಿನಲ್ಲಿ ಮೌತ್‌ವಾಶ್ ಕೊಳ್ಳಿ ಅಂದರು. ಈಗ ಮನೆಯಲ್ಲಿ ನನ್ನ ಲೋಟ ಬೇರೆ. ಆಫೀಸಿನಲ್ಲಿ ಪಕ್ಕದ ಕುರ್ಚಿ ಖಾಲಿ.

1683ರಲ್ಲೇ ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ, ದಿನಾ ಉಪ್ಪು ಹಾಕಿ ಉಜ್ಜುತ್ತಿದ್ದ ತನ್ನ ಹಲ್ಲಿನಿಂದಲೇ ಇದೇ ಬಿಳಿ ಪಾಚಿ ಕೆರೆದು ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದ. ನಮ್ಮ ಅಧಿಕಾರಿಗಳಿಗೆ ಈಗ ಗೊತ್ತಾಗಿದೆ, ಅಭಿನಂದನೆ! ಮನುಷ್ಯರ ಬಾಯಲ್ಲಿ ಕಂಡುಬಂದಿರುವ ಬ್ಯಾಕ್ಟೀರಿಯಾ ಜಾತಿಗಳೇ ಸುಮಾರು 700. ಹಲ್ಲುಜ್ಜಿದ ಸ್ವಲ್ಪ ಹೊತ್ತಿಗೇ ಎಂಜಲಿನ ತೆಳು ಪೊರೆ ಹಲ್ಲಿಗೆ ಅಂಟುತ್ತದೆ, ಅದರ ಮೇಲೆ ಸ್ಟ್ರೆಪ್ಟೊಕಾಕಸ್, ಆಕ್ಟಿನೋಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ಬಂದು ಠಿಕಾಣಿ ಹೂಡುತ್ತವೆ. ಹೆಚ್ಚಿನವು ತಮ್ಮ ಪಾಡಿಗೆ ತಾವಿರುತ್ತವೆ. ಸ್ಟ್ರೆಪ್ಟೊಕಾಕಸ್ ಸ್ಯಾಂಗ್ವಿನಿಸ್ ಅಂತೂ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು, ಹಲ್ಲಿನ ಹುಳುಕಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬೆಳೆಯದಂತೆ ತಡೆಯುತ್ತದೆ. ಅದಕ್ಕೂ ಸೇರಿಸಿ ಮೌತ್‌ವಾಶ್ ಹೊಡೆಯಬೇಕಂತೆ! ಉಜ್ಜುವುದನ್ನೇ ಬಿಟ್ಟರೆ ಎರಡು ಮೂರು ವಾರದಲ್ಲಿ ಒಸಡು ಊದುತ್ತದೆ, ಮತ್ತೆ ಉಜ್ಜತೊಡಗಿದರೆ ಇಳಿಯುತ್ತದೆ. ಜನಕ್ಕೆ ಹೇಳಬೇಕಾದದ್ದು ಇದು ಅಲ್ವಾ?

ಸುಮ್ನೆ ಕೇಳುತ್ತೇನೆ, ನಲ್ಲಿಯಲ್ಲಿ ಕಂದು ನೀರು ಬಂದಾಗ ಶಿಬಿರ ನಡೆಸಿದ ಇದೇ ಇಲಾಖೆಯವರು ಒಂದು ತೊಟ್ಟನ್ನಾದರೂ ಪರೀಕ್ಷೆಗೆ ಒಯ್ದರಾ? ಮೂಲೆಯ ಚರಂಡಿ ನೋಡಲು ಮೈಕ್ರೋಸ್ಕೋಪೂ ಬೇಡ, ಮೂಗಿದ್ದರೆ ಸಾಕು. ಫೋನ್ ಮಾಡಿದರೆ ಸಾಹೇಬರು ಸದಾ ಮೀಟಿಂಗಿನಲ್ಲಿರುತ್ತಾರೆ. ಶಿಬಿರದ ಫೋಟೋಗೆ ಮಾತ್ರ ಎಲ್ಲರಿಗಿಂತ ಮುಂದೆ.

ಕೊಟ್ಟ ಚೀಟಿಗಳನ್ನು ವಾಪಸ್ ಪಡೆಯಲಿ. ಇಲ್ಲವೇ ಇನ್ನೊಂದು ಶಿಬಿರ ಸರಿಯಾಗಿ ನಡೆಸಲಿ. ನಡೆಸದಿದ್ದರೂ ನಮಗೆ ಉಪಕಾರವೇ. ಚರಂಡಿಯನ್ನೂ ಯಾರಾದರೂ ನೋಡಲಿ, ನಾಚಿಕೆ ಅನ್ನುವುದು ಚೂರಾದರೂ ಉಳಿದಿದ್ದರೆ.

– ನೊಂದ ನಿವಾಸಿ